ಒಗ್ಗರಣೆ ಇಲ್ಲದ ಮನೆ

ರಶ್ಮಿಗೆ ವಾಸನೆ ಹೋಗಿ ಎರಡು ತಿಂಗಳ ಮೇಲಾಗಿತ್ತು, ಬಣಕಲ್ಲಿನ ಆ ಮನೆಯಲ್ಲಿ ಅವಳೊಬ್ಬಳನ್ನು ಬಿಟ್ಟರೆ ಅದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅದೇನು ಕಾಲಿಗೆ ಪೆಟ್ಟಾದ ಹಾಗೆ ಎದ್ದು ಕಾಣುವಂಥದ್ದೇ? ಅವಳು ಎಂದಿನಂತೆ ಬೆಳಿಗ್ಗೆ ಎದ್ದು, ಪರಿಮಳವಿಲ್ಲದ ಸೋಪಿನಲ್ಲಿ ಮುಖ ತೊಳೆದು, ಸಪ್ಪೆ ಗಂಜಿ ಕುಡಿದು, ಕಾಫಿಯ ರುಚಿ ನೋಡುವ ಟೇಸ್ಟಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮನೆಯವರೂ ಎಂದಿನಂತೆ ಅವಳ ಮೂಗಿಗೆ ತೊಂದರೆಯಾಗದ ಹಾಗೆ ಹುಷಾರಾಗಿ ಬದುಕುತ್ತಿದ್ದರು.

ಹಾಗೆ ಬದುಕುವುದನ್ನು ಅವರಿಗೆ ಕಲಿಸಿದ್ದೂ ಅವಳೇ. ಮಗಳು ಭುವನಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ರಶ್ಮಿ ‘ಹುಲ್ಲುದಿಣ್ಣೆ ಕಾಫಿ’ ಶುರು ಮಾಡಿದಳು. ಅಲ್ಲಿಯವರೆಗೆ ಗಂಡ ಶಶಿಧರ್ ತೋಟದ ಬೆಳೆಯನ್ನು ಎಲ್ಲರ ಹಾಗೆ ಮೂಡಿಗೆರೆಯ ಸಾಹುಕಾರರಿಗೆ ಹಾಕಿ ಸುಮ್ಮನಾಗುತ್ತಿದ್ದ. ನಮ್ಮ ಕಾಫಿಯನ್ನು ನಾವೇ ಹುರಿದು ನಮ್ಮ ಹೆಸರಿನಲ್ಲೇ ಮಾರೋಣ ಅಂತ ಹಟ ಹಿಡಿದವಳು ಇವಳು. ಕಾರ್ ಶೆಡ್ಡಿನಲ್ಲಿ ಹುರಿಯುವ ಮಿಷನ್ನು ಕೂತಿತು, ಅಡಿಗೆಮನೆಯ ಪಕ್ಕದ ಕೋಣೆ ಟೇಸ್ಟಿಂಗ್ ರೂಮ್ ಆಯಿತು. ಮೊದಲ ವರ್ಷವೇ ಬೆಂಗಳೂರಿನ ಕೆಫೆಯವನೊಬ್ಬ ಮಾಲು ವಾಪಸ್ ಕಳಿಸಿದ. ನಿಮ್ಮ ಕಾಫಿಯಲ್ಲಿ ಏನೋ ಕೆಟ್ಟ ರುಚಿ ಇದೆ, ನಿಮಗೆ ಹೇಗೆ ಗೊತ್ತಾಗಲಿಲ್ಲ ಅಂತ ಕೇಳಿದ. ಗೊತ್ತಾಗದ್ದಕ್ಕೆ ಕಾರಣ ಹುಡುಕಿದರೆ ಅದು ತಲೆಯ ಮೇಲೇ ಇತ್ತು. ಹಂಚಿನ ಮನೆ, ನಡುವಿನ ಗೋಡೆ ಮಾಡಿನ ಹಂಚಿನ ತನಕ ಹೋಗಿಲ್ಲ. ಅಡಿಗೆಮನೆಯಲ್ಲಿ ಸಾಸಿವೆ ಸಿಡಿದರೆ ಆ ಘಾಟು ಗೋಡೆ ಹತ್ತಿ ಇಳಿದು ಸೀದಾ ರಶ್ಮಿಯ ಕಪ್ಪುಗಳ ಮೇಲೇ ಬಂದು ಕೂರುತ್ತಿತ್ತು.

ಮೊದಲು ಒಗ್ಗರಣೆ ಹೋಯಿತು. ಆಮೇಲೆ ಬೆಳ್ಳುಳ್ಳಿ. ಆಮೇಲೆ ಊದಿನಕಡ್ಡಿ, ಮಲ್ಲಿಗೆ ಹೂವು, ಮಗುವಿನ ಪೌಡರು, ಶಶಿಧರನ ಶೇವಿಂಗ್ ಲೋಷನ್ನು. ಸುಗ್ಗಿ ಮುಗಿಯುವವರೆಗೆ ಮಾತ್ರ ಅಂತ ಶುರುವಾಗಿದ್ದು, ಸುಗ್ಗಿ ಮುಗಿದ ಮೇಲೂ ಮುಂದುವರಿಯಿತು. ಅತ್ತೆ ಪ್ರೇಮಕುಮಾರಿ ಜಗಳದ ಹೆಂಗಸಲ್ಲ. ನಮ್ಮನೆ ಸಾರು ಆಸ್ಪತ್ರೆ ಸಾರು, ಯಾರಿಗಾದರೂ ಆಪರೇಷನ್ ಆದರೆ ನಮ್ಮಲ್ಲಿಗೆ ಕಳಿಸಿ ಅಂತ ಅಕ್ಕಪಕ್ಕದವರ ಹತ್ತಿರ ತಮಾಷೆ ಮಾಡಿಕೊಂಡು, ಸೊಸೆ ಹೇಳಿದ ಹಾಗೆ ಅಡಿಗೆ ಮಾಡಿದರು. ದಿನಾ ಲಿಂಗಪೂಜೆಗೆ ಕೂತಾಗ ಹಾಕುವ ಧೂಪವನ್ನು ಮಾತ್ರ ಬಿಡಲಾರೆ ಅಂದರು. ಅದಕ್ಕೆ ಹಿತ್ತಲಿನ ಸೌದೆ ಕೊಟ್ಟಿಗೆ ಗೊತ್ತುಮಾಡಿದ್ದಾಯಿತು. ಅಲ್ಲೊಂದು ಮಣೆ ಹಾಕಿಕೊಂಡು, ಶಾಲು ಹೊದ್ದು, ಅಂಗೈ ಮೇಲೆ ಲಿಂಗವಿಟ್ಟುಕೊಂಡು ಕೂರುತ್ತಿದ್ದರು. ಮನಸ್ಸಿಗೆ ಪಿಚ್ಚೆನಿಸಿ ಶಶಿಧರ್ ಒಂದು ದಿನ ಏನೋ ಹೇಳಲು ಹೋದರೆ, “ಶಿವನಿಗೆ ಮೂಗಿಲ್ವೇನೋ ಮಾರಾಯ, ಎಲ್ಲಿ ಹಾಕಿದ್ರೂ ಹುಡುಕ್ಕೊಂಡು ಬರ್ತಾನೆ,” ಅಂದುಬಿಟ್ಟರು.

ಕಂಪನಿ ಬೆಳೆಯಿತು, ಅದನ್ನು ಇಲ್ಲ ಅನ್ನುವ ಹಾಗಿಲ್ಲ. ಬೆಂಗಳೂರು, ಮುಂಬಯಿಗೆಲ್ಲ ಪ್ಯಾಕೆಟ್ಟು ಹೋಯಿತು. ಪ್ರತಿ ಪ್ಯಾಕೆಟ್ಟಿನ ಬೆನ್ನಿಗೂ ಚಮಚ ಹಿಡಿದು ನಗುವ ರಶ್ಮಿಯ ಫೋಟೋ, ಅದರ ಕೆಳಗೆ ಅವಳು ರುಚಿ ನೋಡದೆ ಒಂದು ಕಾಳೂ ಹೊರಗೆ ಹೋಗುವುದಿಲ್ಲ ಅನ್ನುವ ಮಾತು. ಮನೆಯ ಹಬ್ಬ, ನೆಂಟರ ಮದುವೆ, ಮಗಳ ಸ್ಕೂಲ್ ಡೇ ಎಲ್ಲವೂ ಆ ಮಾತಿನ ಹಿಂದೆ ಸರಿದು ನಿಂತವು. ಈ ವರ್ಷ ಒಂದು ಕಳೀಲಿ, ಮುಂದಿನ ವರ್ಷ ಎಲ್ಲ ಸರಿ ಮಾಡ್ತೀನಿ ಅಂತ ರಶ್ಮಿ ಪ್ರತಿ ವರ್ಷವೂ ಹೇಳುತ್ತಿದ್ದಳು, ಹೇಳುವಾಗ ನಂಬಿಕೊಂಡೇ ಹೇಳುತ್ತಿದ್ದಳು.

ಡಿಸೆಂಬರಿನಲ್ಲಿ ಹಣ್ಣು ಕುಯ್ಲಿನ ಭರಾಟೆಯ ನಡುವೆ ಅವಳಿಗೊಂದು ಜ್ವರ ಬಂತು. ಮಲಗಲು ಪುರಸೊತ್ತಿಲ್ಲ, ಮಾತ್ರೆ ನುಂಗಿಕೊಂಡೇ ಓಡಾಡಿದಳು. ಜ್ವರ ಬಿಟ್ಟ ಮೇಲೆ ಕಪ್ಪಿನ ಮೇಲೆ ಬಾಗಿ ಮೂಸಿದರೆ ಏನೂ ಇಲ್ಲ. ಬಿಸಿ ಆವಿ ಮುಖಕ್ಕೆ ತಾಗುತ್ತದೆ, ಅಷ್ಟೇ. ಚಮಚದಲ್ಲಿ ಸೊರ್ ಅಂತ ಎಳೆದು ಬಾಯಿಗೆ ಹಾಕಿಕೊಂಡರೆ ಹುಳಿ ಗೊತ್ತಾಗುತ್ತದೆ, ಕಹಿ ಗೊತ್ತಾಗುತ್ತದೆ, ಆಮೇಲೆ ಖಾಲಿ. ನೆಗಡಿ ಇರಬೇಕು ಅಂತ ಒಂದಷ್ಟು ದಿನ ಕಾದಳು. ಆಮೇಲೆ ಪ್ಯಾಕಿಂಗ್ ಚೀಲ ತರುವ ನೆಪದಲ್ಲಿ ಚಿಕ್ಕಮಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದಳು. ಬರಬಹುದು, ತಿಂಗಳುಗಟ್ಟಲೆ ಹಿಡಿಯಬಹುದು, ಕೆಲವರಿಗೆ ಬರದೆಯೂ ಇರಬಹುದು, ದಿನಾ ಲವಂಗ, ನಿಂಬೆಹಣ್ಣು ಮೂಸುತ್ತಾ ಇರಿ ಅಂದರು ಅವರು. ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದವಳು ಯಾರಿಗೂ ಏನೂ ಹೇಳಲಿಲ್ಲ.

ಹೇಳದೆ ಇದ್ದದ್ದು ವ್ಯಾಪಾರಕ್ಕೆ ಹೆದರಿ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಇಷ್ಟು ವರ್ಷ ಈ ಮನೆಯವರ ಬಾಯಿರುಚಿ, ಹೂವು, ದೇವರ ಹೊಗೆ ಎಲ್ಲವನ್ನೂ ಅವಳು ಒಂದು ಮೂಗಿನ ಹೆಸರಿನಲ್ಲಿ ಕಿತ್ತುಕೊಂಡಿದ್ದಳು. ಈಗ ಆ ಮೂಗೇ ಇಲ್ಲ ಅಂದರೆ ಅವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಹಾಗಾಗಿ ನಾಟಕ ಶುರುವಾಯಿತು. ಟೇಸ್ಟಿಂಗಿಗೆ ಸಹಾಯಕ್ಕಿದ್ದ ಅರುಣಾ ಮೂಡಿಗೆರೆಯಲ್ಲಿ ಡಿಗ್ರಿ ಮುಗಿಸಿ ಬಂದ ಚುರುಕು ಹುಡುಗಿ. ಇನ್ನುಮೇಲೆ ನೀನೇ ಮೊದಲು ರುಚಿ ನೋಡಿ ಹೇಳು, ಕಲಿಯಬೇಕಲ್ಲ ಅಂದಳು ರಶ್ಮಿ. ಅಕ್ಕ ನನಗೆ ಕಲಿಸುತ್ತಿದ್ದಾರೆ ಅಂತ ಅರುಣಾ ಉಬ್ಬಿಹೋದಳು. ಅವಳು ಕಿತ್ತಳೆ ಅಂದರೆ ರಶ್ಮಿಯೂ ಒಂದು ಗುಟುಕು ಎಳೆದು, ಕಣ್ಣು ಮುಚ್ಚಿ, ಹೌದು ಕಿತ್ತಳೆ ಅನ್ನುವಳು. ಬೆಲ್ಲ ಅಂದರೆ ಬೆಲ್ಲ.

ಮಗಳ ಹತ್ತಿರ ಈ ನಾಟಕ ಇನ್ನೂ ಕಷ್ಟವಾಯಿತು. ಭುವನಾಗೆ ಈಗ ಎಂಟು ವರ್ಷ. ಒಂದು ಭಾನುವಾರ ಅವಳು ಟೇಸ್ಟಿಂಗ್ ರೂಮಿನ ಹೊಸ್ತಿಲಾಚೆ ನಿಂತು, ಡ್ರಾಯಿಂಗಿನಲ್ಲಿ ಬಹುಮಾನ ಬಂದ ಸುದ್ದಿಯನ್ನು ಅಲ್ಲಿಂದಲೇ ಹೇಳಿದಳು. ರಶ್ಮಿಗೆ ಎದ್ದು ಹೋಗಿ ತಬ್ಬಿಕೊಳ್ಳಬೇಕು ಅನಿಸಿತು. ಎದ್ದಳು ಕೂಡ.

“ಬೇಡಮ್ಮ, ಅಜ್ಜಿ ಎಣ್ಣೆ ಹಚ್ಚಿದಾರೆ,” ಅಂತ ಭುವನಾ ಎರಡು ಹೆಜ್ಜೆ ಹಿಂದೆ ಹೋದಳು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಜಾರಿರಲಿಲ್ಲ. ಬಿಸಿ ಪಾತ್ರೆ ಮುಟ್ಟಬೇಡ ಅಂತ ಎಚ್ಚರಿಸುವ ಹಾಗಿತ್ತು ಅಷ್ಟೇ. ಪರವಾಗಿಲ್ಲ ಬಾ ಅಂದಿದ್ದರೆ ಮುಗಿದಿತ್ತು. ಆದರೆ ಪಕ್ಕದಲ್ಲಿ ಅರುಣಾ ನಿಂತಿದ್ದಳು, ಅಡಿಗೆಮನೆಯಲ್ಲಿ ಅತ್ತೆ ಇದ್ದರು. ಇಷ್ಟು ವರ್ಷ ಇಲ್ಲದ ಪರವಾಗಿಲ್ಲ ಇವತ್ತು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ? ಸ್ನಾನ ಮಾಡಿಕೊಂಡು ಬಾ, ಆಮೇಲೆ ನೋಡ್ತೀನಿ ಅಂತ ಕಳಿಸಿದಳು. ಸ್ನಾನ ಮಾಡಿದ ಮಗು ಆಟಕ್ಕೆ ಹೋಯಿತು, ಇವಳು ಫೋನಿಗೆ ಕೂತಳು.

ಈ ಸಲ ಬೆಳೆ ಜೋರಾಗಿದ್ದರಿಂದ ಜನವರಿಯಲ್ಲಿ ಗೋಡೌನ್ ತುಂಬಿಹೋಯಿತು. ಹುಲ್ಲುಗಾವಲಿನ ಬದಿಯ ತೋಟದಿಂದ ಬಂದ ಒಳ್ಳೆಯ ಪಾರ್ಚ್‌ಮೆಂಟ್, ಅಂದರೆ ಇನ್ನೂ ಹೊಟ್ಟು ಬಿಡಿಸದ ಒಣಗಿದ ಕಾಫಿ ಬೀಜ, ಇಡಲು ಜಾಗವಿರಲಿಲ್ಲ. ಸೌದೆ ಕೊಟ್ಟಿಗೆಯ ಅರ್ಧ ಖಾಲಿ ಮಾಡಿ ಅಲ್ಲಿಡೋಣ ಅಂತ ರಶ್ಮಿಯೇ ಹೇಳಿದಳು. ಅಲ್ಲಿ ಅಮ್ಮ ದಿನಾ ಧೂಪ ಹಾಕುತ್ತಾಳಲ್ಲ ಅಂತ ಶಶಿಧರ್ ಅನುಮಾನಿಸಿದ. ಕಾಫಿ ಬೀಜ ಪಕ್ಕದಲ್ಲಿರುವ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಅನ್ನುವುದು ತೋಟದವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ರಶ್ಮಿ ಕೊಟ್ಟಿಗೆಗೆ ಹೋಗಿ, ಆಳುಗಳ ಎದುರಿಗೇ ಮೂಗೆತ್ತಿ ಗಾಳಿ ಎಳೆದಳು, ಗೋಡೆಗೆ ಮುಖವಿಟ್ಟು ಮೂಸಿದಳು. ಏನಿಲ್ಲ, ಬರೀ ಸೌದೆ ವಾಸನೆ, ಬಾಗಿಲು ತೆಗೆದಿಟ್ಟರೆ ಹೋಗುತ್ತೆ ಅಂದಳು. ಅವಳ ಮೂಗು ಹೇಳಿದ ಮೇಲೆ ಮುಗಿಯಿತು. ಗೋಣಿಗಳು ಕೊಟ್ಟಿಗೆಗೆ ಬಂದವು. ಅತ್ತೆ ಮಣೆಯನ್ನು ಇನ್ನೂ ಮೂಲೆಗೆ ಎಳೆದುಕೊಂಡರು.

ಆ ಮಾಲಿನ ಸ್ಯಾಂಪಲ್ ಹುರಿದು ರುಚಿ ನೋಡಿದ ದಿನ ಅರುಣಾ ಬಹಳ ಹೊತ್ತು ಯೋಚಿಸಿ, ಏನೋ ಬೇರೆ ಥರ ಇದೆ ಅಕ್ಕ, ಹೂವಿನ ಹಾಗೆ, ದೇವಸ್ಥಾನದೊಳಗೆ ಹೋದ ಹಾಗೆ ಅಂದಳು. ಎತ್ತರದ ತೋಟದ ಕಾಫಿ, ಹೂವಿನ ಪರಿಮಳ ಬಂದಿರಬೇಕು ಅಂದುಕೊಂಡ ರಶ್ಮಿ ಅವಳ ಬೆನ್ನು ತಟ್ಟಿದಳು. ಈ ವರ್ಷದ ನಮ್ಮ ಒಳ್ಳೇ ಕಾಫಿ ಇದೇ ಅಂತ ಬೆಂಗಳೂರಿನ ದೊಡ್ಡ ಕೆಫೆ ಕಂಪನಿಗೆ ಬರೆದಳು. ಶಿವರಾತ್ರಿಯ ಮಾರನೇ ದಿನ ಬರುತ್ತೇವೆ ಅಂತ ಅವರು ತಿಳಿಸಿದರು.

ಅಷ್ಟರಲ್ಲಿ ಅತ್ತೆಗೆ ಕೆಮ್ಮು ಹತ್ತಿತ್ತು. ಬೆಳಗಿನ ಇಬ್ಬನಿಯಲ್ಲಿ ಕೊಟ್ಟಿಗೆಯಲ್ಲಿ ಕೂತು ಕೂತು ಎದೆಗೆ ಇಳಿದಿತ್ತು. ಶಿವರಾತ್ರಿಯ ಹಿಂದಿನ ದಿನ ಅವರು, ಎಂದೂ ಏನೂ ಕೇಳದವರು, ರಶ್ಮಿಯ ಹತ್ತಿರ ಬಂದು ನಿಂತರು.

“ನಾಳೆ ಒಂದಿನ ದೇವ್ರ ಕೋಣೇಲೇ ಕೂರ್ಲೇನೇ? ಚೂರೇ ಚೂರು ಧೂಪ ಹಾಕ್ತೀನಿ. ಆ ಕಡೆ ಬಾಗ್ಲು ಹಾಕ್ಕೋತೀನಿ.”

ಹಾಕಿಕೊಳ್ಳಿ ಅತ್ತೆ, ಮನೆ ತುಂಬಾ ಹಾಕಿಕೊಳ್ಳಿ, ನನಗೇನೂ ಗೊತ್ತಾಗುವುದಿಲ್ಲ ಅನ್ನುವ ಮಾತು ರಶ್ಮಿಯ ನಾಲಿಗೆಯ ಮೇಲೆ ಕೂತಿತು. ಆದರೆ ಹೊರಗೆ ಬಂದದ್ದು, ನಾಡಿದ್ದು ಜನ ಬರುತ್ತಾರಲ್ಲ, ಇದೊಂದು ಸಲ ಹೇಗಾದರೂ ಮಾಡಿ ಅನ್ನುವ ಮಾತು.

“ಆಯ್ತು ಬಿಡು,” ಅಂದರು ಪ್ರೇಮಕುಮಾರಿ. “ನಿನ್ ಕೆಲ್ಸ ಕೆಡೋದು ಬೇಡ.”

ಬೆಂಗಳೂರಿನಿಂದ ಬಂದವರು ಇಬ್ಬರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಸಾಲಾಗಿಟ್ಟ ಕಪ್ಪುಗಳ ಮುಂದೆ ಬಗ್ಗಿ, ಚಮಚದಲ್ಲಿ ಎಳೆದು, ಉಗಿದು, ಮುಂದೆ ಸರಿದರು. ಕೊನೆಯ ಸಾಲಿಗೆ ಬಂದಾಗ ಹೆಂಗಸು ಥಟ್ಟನೆ ನಿಂತು, ದೇವಸ್ಥಾನದಲ್ಲಿ ಕೂತು ಕಾಫಿ ಕುಡಿದ ಹಾಗಿದೆಯಲ್ಲ ಅಂತ ನಕ್ಕಳು. ಅರುಣಾ ಖುಷಿಯಿಂದ ರಶ್ಮಿಯ ಕಡೆ ನೋಡಿದಳು. ಗಂಡಸು ನಗಲಿಲ್ಲ. ಇನ್ನೆರಡು ಸಲ ರುಚಿ ನೋಡಿ, ಇದು ಬೀಜದ ಗುಣ ಅಲ್ಲ, ಹೊಗೆ ಹಿಡಿದಿದೆ, ಧೂಪದ ಹೊಗೆ ಅಂದ. ಆಮೇಲೆ ಅವನು ರಶ್ಮಿಯನ್ನು ನೋಡಿದ. ಅರುಣಾ ನೋಡಿದಳು. ಬಾಗಿಲ ಹತ್ತಿರ ನಿಂತಿದ್ದ ಶಶಿಧರ್ ನೋಡಿದ. ನೀವು ರುಚಿ ನೋಡಲಿಲ್ಲವೇ ಅಂತ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ಹೇಳುವುದಾದರೆ ಆಗಲೇ ಹೇಳಬೇಕಿತ್ತು.

“ನಮ್ಮತ್ತೆ ಮಾಡೋ ಕೆಲ್ಸ,” ಅಂದಳು ರಶ್ಮಿ, ಚೂರು ನಕ್ಕು. “ಎಷ್ಟ್ ಹೇಳಿದ್ರೂ ಧೂಪ ಹಾಕೋದು ಬಿಡಲ್ಲ. ವಯಸ್ಸಾದೋರು, ಏನ್ ಮಾಡೋದು ಹೇಳಿ.”

ಅತಿಥಿಗಳಿಗೆ ಅಂತ ಹಬ್ಬದ ತಂಬಿಟ್ಟನ್ನು ತಟ್ಟೆಯಲ್ಲಿ ಹಿಡಿದುಕೊಂಡು ಪ್ರೇಮಕುಮಾರಿ ಆಗಷ್ಟೇ ಶಶಿಧರನ ಬೆನ್ನ ಹಿಂದೆ ಬಂದಿದ್ದರು. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೆಮ್ಮು ತಡೆದುಕೊಂಡು, ಹೌದು ನನ್ನದೇ ತಪ್ಪು, ಅವಳನ್ನೇನೂ ಅನ್ನಬೇಡಿ, ಪಾಪ ಹಗಲು ರಾತ್ರಿ ದುಡಿಯುತ್ತಾಳೆ ಅಂದರು. ಬಂದವರಿಗೆ ಮುಜುಗರವಾಯಿತು. ತಂಬಿಟ್ಟು ತಿಂದರು, ಚೆನ್ನಾಗಿದೆ ಅಂದರು. ಬೇರೆ ಸ್ಯಾಂಪಲ್ ಇದ್ದರೆ ಕಳಿಸಿ, ನೋಡೋಣ ಅಂತ ಹೇಳಿ ಹೊರಟುಹೋದರು.

ಮಾರನೇ ಬೆಳಿಗ್ಗೆ ಪ್ರೇಮಕುಮಾರಿ ಒಂದು ಬ್ಯಾಗಿಗೆ ನಾಲ್ಕು ಸೀರೆ ತುಂಬಿಕೊಂಡು, ಮಲ್ಲಂದೂರಿನಲ್ಲಿರುವ ಮಗಳು ರಜನಿಯ ಮನೆಗೆ ಸ್ವಲ್ಪ ದಿನ ಹೋಗಿಬರುತ್ತೇನೆ, ಬಸ್ಸು ಹತ್ತಿಸು ಅಂತ ಮಗನಿಗೆ ಹೇಳಿದರು. ಸಿಟ್ಟು ಮಾಡಿಕೊಂಡು ಹೋದವರ ಹಾಗೆ ಕಾಣಲಿಲ್ಲ. ಅಕ್ಕಿ ಯಾವ ಡಬ್ಬದಲ್ಲಿದೆ, ಭುವನಾಳ ಸ್ವೆಟರ್ ಎಲ್ಲಿದೆ ಎಲ್ಲ ಹೇಳಿಯೇ ಹೋದರು.

ಬಸ್‌ಸ್ಟಾಪಿನಿಂದ ಬಂದ ಶಶಿಧರ್ ಅಂಗಳದಲ್ಲಿ ಟಾರ್ಪಾಲಿನ ಮೇಲೆ ಹರವಿದ್ದ ಮೆಣಸನ್ನು ಕಾಲಲ್ಲಿ ಎಳೆಯುತ್ತಾ ನಿಂತ. ರಶ್ಮಿ ಹತ್ತಿರ ಬಂದಾಗಲೂ ತಲೆ ಎತ್ತಲಿಲ್ಲ.

“ಅವತ್ತು ನಾನು ಕೇಳಿದ್ದೆ. ನೀನೇ ಮೂಸಿ ನೋಡಿ ಏನಿಲ್ಲ ಅಂದೆ.”

“ನಂಗೆ ವಾಸನೆ ಬರ್ತಿಲ್ಲ ರೀ.”

“ನೆಗಡಿನಾ?”

“ಅಲ್ಲ. ಡಿಸೆಂಬರಲ್ಲಿ ಜ್ವರ ಬಂತಲ್ಲ, ಆವಾಗಿಂದ. ಏನೂ ಬರಲ್ಲ. ಡಾಕ್ಟ್ರಿಗೂ ತೋರ್ಸಿದೀನಿ.”

ಅವನ ಕಾಲು ಮೆಣಸಿನ ಮೇಲೆ ಹಾಗೇ ನಿಂತಿತು. ಅವನು ಮನಸ್ಸಿನಲ್ಲೇ ಹಿಂದಕ್ಕೆ ಹೋಗುತ್ತಿರುವುದು ರಶ್ಮಿಗೆ ಕಾಣುತ್ತಿತ್ತು. ಕೊಟ್ಟಿಗೆ, ಗೋಣಿ, ಕೆಮ್ಮು, ಶಿವರಾತ್ರಿ.

“ಹಂಗಾದ್ರೆ ಅಮ್ಮ ಆ ಇಬ್ಬನೀಲಿ ಹೊರಗೆ ಕೂತಿದ್ದು ಯಾರಿಗೋಸ್ಕರ?”

ರಶ್ಮಿ ಕಂಪನಿ, ಕೆಫೆಯವರು, ಪ್ಯಾಕೆಟ್ಟಿನ ಮೇಲಿನ ಫೋಟೋ ಅಂತ ಏನೇನೋ ಹೇಳಲು ಹೊರಟು ಅರ್ಧಕ್ಕೇ ಬಿಟ್ಟಳು. ಇಷ್ಟು ವರ್ಷ ನಿಮ್ಮನ್ನೆಲ್ಲ ಕಟ್ಟಿಹಾಕಿದ್ದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ನೆಪ, ಅದೂ ಹೋದರೆ ಏನು ಮಾಡಲಿ ಅಂದಳು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ನಂಗೆ ಹೇಳಿದ್ರೆ ನಾನೇನು ಊರಿಗೆಲ್ಲ ಡಂಗುರ ಹೊಡೀತಿದ್ನಾ,” ಅಂದ. “ಅಮ್ಮಂಗೆ ನಾನು ಹೇಳಲ್ಲ. ನೀನೇ ಹೋಗಿ ಹೇಳು.”

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಭುವನಾಳನ್ನು ತೋಟದ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ರಶ್ಮಿ ಹೊರಟಳು. ಮೂಡಿಗೆರೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೋಟಗಳು ಬೆಳ್ಳಗಾಗಿದ್ದವು. ಹಿಂದಿನ ವಾರ ಬಿದ್ದ ಹೂಮಳೆಗೆ ಕಾಫಿ ಗಿಡಗಳೆಲ್ಲ ಒಟ್ಟಿಗೇ ಅರಳಿಕೊಂಡು, ರೆಂಬೆ ಕಾಣದ ಹಾಗೆ ಹೂವು ಕೂತಿತ್ತು. ವರ್ಷಕ್ಕೊಮ್ಮೆ ಬರುವ ಈ ನಾಲ್ಕಾರು ದಿನಗಳಲ್ಲಿ ಇಡೀ ತಾಲ್ಲೂಕು ಮಲ್ಲಿಗೆ ಮುಡಿದ ಹಾಗೆ ಘಮ್ಮೆನ್ನುತ್ತದೆ. ಇದೇ ರಸ್ತೆಯಲ್ಲಿ, ಮದುವೆಯಾದ ಹೊಸದರಲ್ಲಿ, ಶಶಿಧರನ ಬೈಕು ನಿಲ್ಲಿಸಿ ಅವಳು ಸುಮ್ಮನೆ ಉಸಿರೆಳೆದುಕೊಂಡು ನಿಂತದ್ದುಂಟು.

“ಅಮ್ಮ, ಕಿಟಕಿ ಹಾಕ್ಲಾ?” ಅಂದಳು ಭುವನಾ, ಕೈಯನ್ನು ಆಗಲೇ ಗಾಜಿನ ಹಿಡಿಗೆ ಇಟ್ಟುಕೊಂಡು. “ಹೂವಿನ ವಾಸನೆ ತುಂಬಾ ಬರ್ತಿದೆ.”

ರಶ್ಮಿ ಪಿಕಪ್ ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. ಸ್ಟೀರಿಂಗ್ ಹಿಡಿದುಕೊಂಡೇ, ಕಿಟಕಿ ಹಾಕುವುದು ಬೇಡ ಪುಟ್ಟ, ನನಗೆ ಯಾವ ವಾಸನೆಯೂ ಬರುವುದಿಲ್ಲ, ಜ್ವರ ಬಂದಾಗ ಹೋಯಿತು, ಇನ್ನು ನೀನು ಎಣ್ಣೆ ಹಚ್ಚಿಕೊಂಡಿದ್ದರೂ ಹತ್ತಿರ ಬರಬಹುದು ಅಂತ ಒಂದೇ ಉಸಿರಿಗೆ ಹೇಳಿದಳು. ಭುವನಾ ಗಾಜಿನ ಹಿಡಿಯಿಂದ ಕೈ ತೆಗೆದಳು.

“ಹಂಗಾದ್ರೆ ಇನ್ಮೇಲೆ ಟೇಸ್ಟಿಂಗ್ ಇಲ್ವಾ?”

“ಗೊತ್ತಿಲ್ಲ.”

“ಮತ್ತೆ ನೀನು ಏನ್ ಮಾಡ್ತೀಯ?”

ಮಗು ಕೇಳಿದ್ದು ಅಷ್ಟೇ. ಸೀಟಿನಲ್ಲಿ ಈ ಕಡೆಗೆ ಸರಿದು ಕೂರಲಿಲ್ಲ. ಸರಿಯಬೇಕು ಅಂತ ಅವಳಿಗೆ ಹೊಳೆದ ಹಾಗೂ ಕಾಣಲಿಲ್ಲ. ರಶ್ಮಿ ಗೇರು ಹಾಕಿದಳು.

ರಜನಿಯ ಮನೆಯಲ್ಲಿ ಪ್ರೇಮಕುಮಾರಿ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಕೆಮ್ಮು ಕಡಿಮೆಯಾಗಿತ್ತು. ರಜನಿ ಒಳಗೆ ಕಾಫಿಗೆ ನೀರಿಡಲು ಹೋದಾಗ ರಶ್ಮಿ ಅತ್ತೆಯ ಪಕ್ಕ ಕೂತು, ಗಂಡನಿಗೆ ಹೇಳಿದ್ದನ್ನೇ ಹೇಳಿದಳು. ಈ ಸಲ ಏನನ್ನೂ ಬಿಡಲಿಲ್ಲ. ಹಬ್ಬದ ಹಿಂದಿನ ದಿನ ನೀವು ಕೇಳಿದಾಗ ನನಗೆ ಆಗಲೇ ವಾಸನೆ ಇರಲಿಲ್ಲ, ಆದರೂ ಬೇಡ ಅಂದೆ ಅಂತ ಹೇಳಿದಳು. ಬಂದವರ ಮುಂದೆ ನಿಮ್ಮ ಮೇಲೆ ಹಾಕಿದೆ ಅಂತಲೂ ಹೇಳಿದಳು.

ಪ್ರೇಮಕುಮಾರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ಊಟ ರುಚಿಸ್ತದಾ ನಿಂಗೆ?”

“ಇಲ್ಲ ಅತ್ತೆ.”

“ಪಾಪ. ಮೊದ್ಲೇ ಹೇಳ್ಬಾರ್ದಾಗಿತ್ತೇನೇ ಮಾರಾಯ್ತಿ. ಒಬ್ಳೇ ಒದ್ದಾಡಿದ್ಯಲ್ಲ.”

ರಶ್ಮಿಗೆ ಅಳು ಬಂತು. ಅತ್ತೆ ಬೆನ್ನು ಸವರಿದರು. ಈಗ ಮನೆಗೆ ಬನ್ನಿ, ದೇವರ ಕೋಣೆಯಲ್ಲೇ ಕೂತುಕೊಳ್ಳಿ, ಏನು ಬೇಕಾದರೂ ಹಾಕಿಕೊಳ್ಳಿ ಅಂತ ಅವಳು ಕರೆದಳು. ಬರೋಣ, ಬರೋಣ ಅಂದರು ಪ್ರೇಮಕುಮಾರಿ. ಆದರೆ ಯಾವಾಗ ಅಂತ ಕೇಳಿದಾಗ ಅಂಗಳದ ಕಡೆ ನೋಡಿದರು.

“ಸ್ವಲ್ಪ ದಿನ ಇಲ್ಲೇ ಇರ್ತೀನಿ ಕಣೇ. ನಿನ್ ಮೇಲೆ ಕೋಪ ಅಂತಲ್ಲ. ಇಲ್ಲಿ ಬೆಳಿಗ್ಗೆ ಎದ್ರೆ ಯಾರನ್ನೂ ಏನೂ ಕೇಳೋದಿಲ್ಲ ನೋಡು. ಆರಾಮಾಗಿದೆ.”

ಕಾಫಿ ಬಂತು, ಕುಡಿದದ್ದಾಯಿತು. ಹೊರಡುವ ಹೊತ್ತಿಗೆ ಭುವನಾ ಅಜ್ಜಿಯ ತೊಡೆಗೆ ಒರಗಿ ಕೂತಿದ್ದಳು. ಅಜ್ಜಿ ಅವಳ ಜಡೆ ಬಿಚ್ಚಿ, ಹಣಿಗೆ ಆಡಿಸುತ್ತಿದ್ದರು. ನಾನು ಇವತ್ತು ಇಲ್ಲೇ ಇರುತ್ತೇನೆ, ಸೋಮವಾರ ಅಪ್ಪ ಬಂದು ಸ್ಕೂಲಿಗೆ ಬಿಡಲಿ ಅಂದಳು ಮಗಳು. ನಾಳೆ ಭಾನುವಾರ, ನಾನು ಮನೆಯಲ್ಲೇ ಇರುತ್ತೇನೆ, ನನ್ನ ಜೊತೆ ಬಾ ಅಂತ ರಶ್ಮಿ ಕರೆದಳು.

“ನೀನು ಇರ್ತೀನಿ ಅಂತೀಯ, ಆಮೇಲೆ ಫೋನ್ ಬರುತ್ತೆ,” ಅಂದಳು ಭುವನಾ.

ರಜನಿ ಕುಂಕುಮದ ಬಟ್ಟಲು ತಂದು ಅತ್ತಿಗೆಯ ಹಣೆಗಿಟ್ಟಳು, ಮಡಿಲಿಗೆ ಎರಡು ಬಾಳೆಹಣ್ಣು ಹಾಕಿದಳು. ಪ್ರೇಮಕುಮಾರಿ ಗೇಟಿನ ತನಕ ಬಂದು, ಪಿಕಪ್ಪಿನ ಬಾಗಿಲು ಸರಿಯಾಗಿ ಹಾಕಿಕೊಂಡಿದ್ದಾಳೋ ಇಲ್ಲವೋ ಅಂತ ಒಮ್ಮೆ ತಳ್ಳಿ ನೋಡಿದರು.

“ಪುರಸೊತ್ತಾದಾಗ ಬರ್ತಾ ಇರು,” ಅಂದರು.

ಅದು ಮನೆಗೆ ಬಂದು ಹೋಗುವ ನೆಂಟರಿಗೆ ಹೇಳುವ ಮಾತು. ಅವರು ಬೇಕು ಅಂತ ಹೇಳಿದ್ದಲ್ಲ, ಬಾಯಿಗೆ ಬಂದದ್ದು ಅದೇ.

ಆಲ್ದೂರಿನ ಹತ್ತಿರ ಬಂದಾಗ ಫೋನ್ ಬಂತು. ಅರುಣಾ. ಬೇರೆ ಸ್ಯಾಂಪಲ್ ಹುರಿದು ಇಟ್ಟಿದ್ದೇನೆ ಅಕ್ಕ, ನೀವು ಬಂದು ರುಚಿ ನೋಡಿದರೆ ಇವತ್ತೇ ಪಾರ್ಸೆಲ್ ಮಾಡಬಹುದು, ನೀವು ಬರುವ ತನಕ ಕಾಯುತ್ತೇನೆ ಅಂದಳು. ಕಾಯಬೇಡ, ನೀನೇ ನೋಡು, ಸರಿ ಅನಿಸಿದರೆ ನೀನೇ ಕಳಿಸು ಅಂದಳು ರಶ್ಮಿ. ಆ ಕಡೆ ಅರುಣಾ ತಡವರಿಸಿದಳು. ನೀವು ನೋಡದೆ ಹೇಗಕ್ಕ, ಯಾಕಕ್ಕ, ಏನಾಯಿತು ಅಂತ ಕೇಳಿದಳು. ಸೋಮವಾರ ಕೂತು ಹೇಳುತ್ತೇನೆ, ಈಗ ಅದನ್ನು ಕಳಿಸಿ ನೀನು ಮನೆಗೆ ಹೋಗು ಅಂತ ರಶ್ಮಿ ಫೋನ್ ಇಟ್ಟಳು.

ಬಿಸಿಲು ಇಳಿದಿತ್ತು. ತೋಟಗಳ ಹೂವಿನ ಮೇಲೆ ಜೇನುನೊಣಗಳು ಇನ್ನೂ ಗುಂಯ್‌ಗುಟ್ಟುತ್ತಿದ್ದವು. ಪಕ್ಕದ ಸೀಟಿನ ಕಿಟಕಿ ಭುವನಾ ಬಿಟ್ಟುಹೋದ ಹಾಗೆ ಪೂರ್ತಿ ತೆರೆದಿತ್ತು, ಗಾಳಿ ಒಳಗೆ ನುಗ್ಗಿ ತಣ್ಣಗೆ ಮುಖಕ್ಕೆ ತಾಗುತ್ತಿತ್ತು. ಮನೆಯಲ್ಲಿ ಶಶಿಧರ್ ಮೆಣಸು ಒಳಗೆ ಹಾಕಿ, ಒಬ್ಬನೇ ಉಂಡು ಮಲಗುತ್ತಾನೆ. ಕಾಯುವವರು ಯಾರೂ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳಿಗೆ ಒಂದು ಸಂಜೆ ಪೂರ್ತಿ ಬಿಡುವಿತ್ತು. ಅವಳು ಗಾಡಿಯನ್ನು ನಿಧಾನಕ್ಕೆ ಓಡಿಸಿದಳು, ಹಿಂದಿನಿಂದ ಬಂದ ಬಸ್ಸುಗಳಿಗೆಲ್ಲ ದಾರಿ ಬಿಟ್ಟುಕೊಡುತ್ತಾ.